ನಾನು ಗೀಟು ಹೊಡೆದ ಹುಣ್ಣಿಮೆ

ಭೂಮಿ ಹುಣ್ಣಿಮೆಯ ದಿನ ಬೆಳಿಗ್ಗೆ ಸಿದ್ದಾಪುರ ತಾಲೂಕಿನ ಆ ಹಳ್ಳಿಯ ತಿರುವಿನಲ್ಲಿ ಬಸ್ಸಿಳಿದು, ಗದ್ದೆಯಂಚು ಹಿಡಿದು ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಸೌತೆಕಾಯಿ ಕಡುಬಿನ ವಾಸನೆ ಮೂಗಿಗೆ ಬಂತು. ಬಾಳೆಲೆ, ಬೆಲ್ಲ, ಬೆಂದ ಅಕ್ಕಿ, ಅದರ ಬೆನ್ನಿಗೇ ಹತ್ತಾರು ಬಗೆಯ ಸೊಪ್ಪು ಒಂದೇ ಪಾತ್ರೆಯಲ್ಲಿ ಕುದ್ದ ಘಾಟು. ಹಾವೇರಿ ಕಡೆಯ ರೊಟ್ಟಿ ತಿಂದು ಬೆಳೆದವಳು ನಾನು, ಈ ವಾಸನೆ ನನ್ನ ಬಾಲ್ಯದ್ದಲ್ಲ. ಆದರೂ ಅದು ಬಂದದ್ದೇ ಕಾಲು ನಿಂತುಬಿಟ್ಟಿತು, ಕಣ್ಣು ತುಂಬಿತು. ಥೂ, ಇಷ್ಟು ವಯಸ್ಸಾದ ಮೇಲೂ ಇದೇನು ಎಂದು ಸೆರಗಿನಿಂದ ಮುಖ ಒರೆಸಿಕೊಂಡೆ.

ತೆನೆ ಹೊರಡುವ ಹೊತ್ತಿನ ಗದ್ದೆಯನ್ನು ಇಲ್ಲಿಯವರು ಬಸುರಿ ಎನ್ನುತ್ತಾರೆ. ಬಸುರಿಗೆ ಬಯಕೆ ಇರುತ್ತದಲ್ಲ, ಅದನ್ನು ತೀರಿಸುವ ಹಬ್ಬವೇ ಈ ಹುಣ್ಣಿಮೆ. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಚಿತ್ತಾರ ಬರೆದು, ಅದರಲ್ಲಿ ಅಡಿಗೆ ಹೊತ್ತು ತಂದು, ಭತ್ತದ ಬುಡಕ್ಕೆ ಪೂಜೆ ಮಾಡಿ, ಗದ್ದೆಗೆಲ್ಲ ಎಡೆ ಬೀರಿ, ಮನೆಮಂದಿಯೆಲ್ಲ ಅಲ್ಲೇ ಕೂತು ಉಣ್ಣುತ್ತಾರೆ. ಮೊದಲ ಸಲ ನೋಡಿದಾಗ ನಾನು ನಕ್ಕು, "ಭೂಮಿಗೂ ಒಂದು ತಾಯಿ ಕಾರ್ಡು ಮಾಡಸ್ರಿ" ಎಂದು ಚೇಷ್ಟೆ ಮಾಡಿದ್ದೆ. ಈ ಸಲ ನಗು ಬರಲಿಲ್ಲ. ಈ ಊರಿನ ಕನ್ನಮ್ಮ ಹಬ್ಬಕ್ಕೆ ಕರೆ ಕಳಿಸಿದ್ದರು. ಅವರಿಗೆ ಹೇಳಬೇಕಾದ ಒಂದು ಮಾತು ಏಳು ವರ್ಷದಿಂದ ಹೇಳದೆ ಉಳಿದಿತ್ತು.

ಏಳು ವರ್ಷದ ಹಿಂದೆ ನಾನು ಆ ಊರಿನ ಉಪಕೇಂದ್ರದ ನರ್ಸು. ಹೆಂಚಿನ ಎರಡು ಕೋಣೆ, ಒಂದು ಕಬ್ಬಿಣದ ಮಂಚ, ಒಂದು ತೂಕದ ಯಂತ್ರ, ಜೊತೆಗೆ ನಾನು ಮತ್ತು ನನ್ನ ಬಾಯಿ. ಬಾಯಿ ಜೋರು ಅಂತ ಊರೆಲ್ಲ ಹೇಳುತ್ತಿದ್ದರು, ಸುಳ್ಳೇನಲ್ಲ. ರಕ್ತ ಹೀರುವ ಉಂಬಳ ಕಾಲಿಗೆ ಹತ್ತಿದರೆ ಮಳೆಯನ್ನು ಬೈಯುತ್ತಿದ್ದೆ, ಮಾತ್ರೆ ನುಂಗದ ಬಸುರಿಯನ್ನು ಬೈಯುತ್ತಿದ್ದೆ, ಬಸುರಿಯ ಗಂಡನನ್ನಂತೂ ಸಿಕ್ಕಲ್ಲಿ ಬೈಯುತ್ತಿದ್ದೆ. ನನ್ನ ಜೊತೆಗಿದ್ದವಳು ಸರೋಜಾ, ಅದೇ ಊರಿನ ಆಶಾ ಕಾರ್ಯಕರ್ತೆ. ಯಾರ ಮನೆಯಲ್ಲಿ ಯಾರು ಬೆಳಿಗ್ಗೆ ಎದ್ದು ವಾಂತಿ ಮಾಡಿದರು ಎನ್ನುವುದು ಅವರ ಅತ್ತೆಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ನಾನು ಬೈದದ್ದನ್ನು ಅವಳು ಮೆತ್ತಗೆ ಮಾಡಿ ಮತ್ತೆ ಹೇಳಿ ಬರುತ್ತಿದ್ದಳು.

ಆ ವರ್ಷ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಗೆ ನಮ್ಮ ಪಾಲಿಗೆ ಉಳಿದಿದ್ದ ಸರ್ಕಾರಿ ಹೆರಿಗೆ ಡಾಕ್ಟರು ಒಬ್ಬರೇ. ಒಬ್ಬರಿಗೆ ವರ್ಗವಾಗಿತ್ತು, ಇನ್ನೊಬ್ಬರು ಕೆಲಸ ಬಿಟ್ಟಿದ್ದರು, ಆ ಜಾಗಕ್ಕೆ ಬರುತ್ತೇನೆ ಎಂದವರು ಬರಲಿಲ್ಲ. ಉಳಿದ ಡಾಕ್ಟರಮ್ಮ ವಾರಕ್ಕೆ ಇಂತಿಂಥ ದಿನ ಇಂತಿಂಥ ಊರು ಎಂದು ಹಂಚಿಕೊಂಡು ಓಡಾಡುತ್ತಿದ್ದರು. ನಮ್ಮ ಬಸುರಿಯರು ತಿಥಿ ವಾರ ಮರೆತರೂ ಡಾಕ್ಟರಮ್ಮನ ವಾರ ಮರೆಯುತ್ತಿರಲಿಲ್ಲ. ಆದರೆ ಹೊಟ್ಟೆಯೊಳಗಿನ ಕೂಸಿಗೆ ಆ ವಾರ ಗೊತ್ತಿರಬೇಕಲ್ಲ! ಸಿದ್ದಾಪುರದ ದಿನ ಯಲ್ಲಾಪುರದಲ್ಲಿ ಯಾರಿಗೋ ರಕ್ತ ಹೋಗತೊಡಗಿದರೆ ಅವರು ಅತ್ತ ಹೋಗಬೇಕು. ಇತ್ತ ಬೆಳಗಿನ ಬಸ್ಸಿಗೆ ಬಂದು ಬೆಂಚಿನ ಮೇಲೆ ಕೂತ ಮೂವತ್ತು ಹೆಂಗಸರು ಸಂಜೆಯ ಬಸ್ಸಿಗೆ ವಾಪಸ್ಸು.

ರೇಣುಕಾ ಹಾಗೆ ಎರಡು ಸಲ ವಾಪಸ್ಸು ಬಂದವಳು. ಕನ್ನಮ್ಮನ ಸೊಸೆ, ಮೊದಲನೇ ಬಸಿರು, ಕಡ್ಡಿಯಂಥ ಹುಡುಗಿ. ಅವಳ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನ ಅತ್ತೆ ಮನೆಯಲ್ಲೇ ಎಂದು ಮೊದಲೇ ಮಾತಾಗಿತ್ತು. ಮೇ ತಿಂಗಳಲ್ಲಿ ಸ್ಕ್ಯಾನಿಂಗಿಗೆ ಹೋದಾಗ ಅವಳ ಸರದಿ ಬರುವಷ್ಟರಲ್ಲಿ ಹೊತ್ತು ಮುಗಿಯಿತು. ಜೂನಿನಲ್ಲಿ ಹೋದಾಗ ಡಾಕ್ಟರಮ್ಮ ಆಪರೇಷನ್ನಿಗೆ ಬೇರೆ ಊರಿಗೆ ಹೋಗಿದ್ದರು. ಅಷ್ಟರಲ್ಲಿ ಮಳೆ ಹಿಡಿಯಿತು, ನಾಟಿ ಶುರುವಾಯಿತು. ಖಾಸಗಿಯಲ್ಲಾದರೂ ಮಾಡಿಸಿ ಎಂದು ನಾನೇ ಒತ್ತಿ ಹೇಳಬಹುದಿತ್ತು. ಹೇಳಲಿಲ್ಲ. ಹುಡುಗಿ ಓಡಾಡಿಕೊಂಡಿದ್ದಾಳೆ, ಬಿಪಿ ಸರಿಯಿದೆ, ಇನ್ನೇನು ಬೇಕು ಎಂದುಕೊಂಡಿದ್ದೆ.

ಜುಲೈಯಲ್ಲಿ ಪುನರ್ವಸು ಮಳೆ ಹೊಡೆಯುತ್ತಿದ್ದ ಒಂದು ದಿನ ಸರೋಜಾಳ ಜೊತೆ ಅವರ ಮನೆಗೆ ಹೋದೆ. ಕನ್ನಮ್ಮ ಆಗಷ್ಟೇ ಗದ್ದೆಯಿಂದ ಬಂದು, ಮೊಣಕಾಲಿನ ತನಕ ಕೆಸರಿದ್ದದ್ದರಿಂದ ಒಳಗೆ ಬಾರದೆ ಜಗಲಿಯ ಮೆಟ್ಟಿಲ ಮೇಲೇ ನಿಂತರು. ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ಮಾತು ಕಡಿಮೆ. ನಾನು ರೇಣುಕಾಳನ್ನು ಮಲಗಿಸಿ ಹೊಟ್ಟೆಗೆ ಟೇಪು ಹಿಡಿದೆ. ಕಾರ್ಡಿನ ಲೆಕ್ಕದ ಪ್ರಕಾರ ಇಪ್ಪತ್ತಾರು ವಾರ ಇರಬೇಕು, ಟೇಪಿನ ಲೆಕ್ಕಕ್ಕೆ ಹೊಟ್ಟೆ ಮೂವತ್ತು ವಾರ ದಾಟಿತ್ತು. ಕಾರ್ಡು ತಿರುಗಿಸಿ ನೋಡಿದೆ. ಹೆರಿಗೆಯ ದಿನದ ಜಾಗದಲ್ಲಿ ಸರೋಜಾಳ ದುಂಡು ಅಕ್ಷರದಲ್ಲಿ ಅಕ್ಟೋಬರಿನ ಒಂದು ತಾರೀಕು ಇತ್ತು.

"ಇದು ಯಾರು ಹೇಳಿದ ಲೆಕ್ಕ?" ಎಂದೆ.

"ನಾನೇ ಹೇಳಿದ್ದು ನರ್ಸಕ್ಕ," ಎಂದರು ಕನ್ನಮ್ಮ ಮೆಟ್ಟಿಲ ಮೇಲಿಂದ. "ಭೂಮಿ ಹುಣ್ಮೆ ಹೊತ್ತಿಗೆ ಹೆರ್ತಾಳೆ."

ನನಗೆ ನಗು ಬಂತು. ಈ ಕಡೆ ಬಂದಾಗಿನಿಂದ ನೂರಾರು ಮನೆಗಳಲ್ಲಿ ಕಂಡ ತಪ್ಪು ಅದು. ಮನೆಯವರು ಎಣಿಸುವುದು ಮುಟ್ಟು ನಿಂತ ತಿಂಗಳಿನಿಂದ, ನಾವು ಎಣಿಸುವುದು ಅದರ ಹಿಂದಿನ ಮುಟ್ಟಿನಿಂದ. ಅವರ ಎಂಟು ಅಂದರೆ ನಮ್ಮ ಒಂಬತ್ತು. ಮನೆಯಲ್ಲಿ ಇನ್ನೂ ತಿಂಗಳಿದೆ ಎನ್ನುತ್ತಿರುವಾಗಲೇ ಎಷ್ಟೋ ಹೆರಿಗೆಗಳು ಆಗಿಹೋಗಿದ್ದವು.

"ಹಂಗಲ್ಲಬೇ ಅವ್ವಾ," ಎಂದು ಪಾಠ ಶುರುಮಾಡಿದೆ. "ನೀವೆಲ್ಲ ಮುಟ್ಟು ನಿಂತ ಮ್ಯಾಲೆ ಎಣಸ್ತೀರಿ. ಒಂದು ತಿಂಗಳು ಅಲ್ಲೇ ಹೋತು. ಹುಣ್ಣಿಮಿ ತನಕ ಎಲ್ಲಿ ಕಾಯತೈತಿ ಕೂಸು? ಹೊಟ್ಟಿ ನೋಡ್ರಿ, ಟೇಪು ನೋಡ್ರಿ. ಟೇಪು ಸುಳ್ಳು ಹೇಳತೈತೇನು?"

"ಅಕ್ಕಾ, ಅವ್ರು ಹಂಗೆ ಎಣ್ಸಿದ್ದಲ್ಲ ಅನ್ನಿಸ್ತದೆ..." ಎಂದಳು ಸರೋಜಾ.

"ನೀ ಸುಮ್ನಿರವ್ವ, ನನಗ ಗೊತ್ತೈತಿ," ಎಂದೆ. ಪೆನ್ನು ತೆಗೆದು ಅಕ್ಟೋಬರಿನ ಆ ದಿನದ ಮೇಲೆ ಗೀಟು ಹೊಡೆದು, ಪಕ್ಕದಲ್ಲಿ ಸೆಪ್ಟೆಂಬರ್ ಹದಿನೆಂಟು ಎಂದು ಬರೆದೆ. ಅದರ ಕೆಳಗೆ ನನ್ನ ಸಹಿಯನ್ನೂ ಜಗ್ಗಿದೆ. ನೀವು ಹೇಗೆ ಎಣಿಸಿದಿರಿ ಎಂದು ಒಂದು ಮಾತು ಕನ್ನಮ್ಮನನ್ನು ಕೇಳಲಿಲ್ಲ. ಕೇಳಲು ಅರ್ಧ ನಿಮಿಷ ಸಾಕಿತ್ತು.

"ಹಂಗಾ? ನೀವು ಓದಿದವ್ರು," ಎಂದು ಕನ್ನಮ್ಮ ಕಾಲು ತೊಳೆಯಲು ಹಿತ್ತಿಲಿಗೆ ಹೋದರು.

ಮುಂದೆ ಒಂದು ತಿಂಗಳ ಮೇಲೆ, ಆಗಸ್ಟಿನ ಮಘಾ ಮಳೆಯಲ್ಲಿ, ಒಂದು ಮಧ್ಯಾಹ್ನ ರೇಣುಕಾ ಅತ್ತೆಯ ಜೊತೆ ಉಪಕೇಂದ್ರಕ್ಕೆ ನಡೆದು ಬಂದಳು. ಸೊಂಟ ಹಿಡಿಯುತ್ತದೆ, ಬಿಡುತ್ತದೆ ಎಂದಳು. ಕಾರ್ಡು ನೋಡಿದೆ. ನಾನು ಬರೆದ ಲೆಕ್ಕಕ್ಕೆ ಮೂವತ್ತಾರು ವಾರ ಆಗುತ್ತ ಬಂದಿತ್ತು. ಸ್ವಲ್ಪ ಮುಂಚೆ, ಆದರೆ ಹೆದರುವಂಥದ್ದಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಹೆರಿಗೆ ಮಾಡಿಸಿದರಾಯಿತು ಎಂದುಕೊಂಡು ಅವಳನ್ನು ಮಂಚದ ಮೇಲೆ ಮಲಗಿಸಿದೆ. ಸರೋಜಾ ಬಿಸಿನೀರಿಗೆ ಇಟ್ಟಳು.

ಹೊಟ್ಟೆಯ ಮೇಲೆ ಕೈಯಾಡಿಸಿದೆ. ಇಷ್ಟು ವರ್ಷದ ಅಭ್ಯಾಸ ನನ್ನ ಕೈಗಳದ್ದು, ಕಣ್ಣು ಮುಚ್ಚಿದರೂ ತಲೆ ಯಾವುದು, ಬೆನ್ನು ಯಾವುದು ಹೇಳುತ್ತವೆ. ಅಂದು ಎಲ್ಲಿ ಮುಟ್ಟಿದರೂ ಕೈಕಾಲೇ ಸಿಗುತ್ತಿದ್ದವು. ಕೆಳಗೆ ಒಂದು ತಲೆ ಸಿಕ್ಕಿತು, ಅದು ಚಿಕ್ಕದು, ಈ ಹೊಟ್ಟೆಗೆ ತಕ್ಕ ತಲೆಯೇ ಅಲ್ಲ. ಬಡಿತ ಕೇಳುವ ಮಶೀನು ಮಳೆಗಾಲದ ಥಂಡಿಗೆ ಕೆಟ್ಟು ಕೂತಿತ್ತು. ಹಳೆಯ ಕಾಲದ ಕೊಳವೆ, ಒಂದು ತುದಿ ಹೊಟ್ಟೆಗೆ, ಒಂದು ತುದಿ ಕಿವಿಗೆ ಇಟ್ಟು ಕೇಳುವಂಥದ್ದು, ಅದನ್ನೇ ತೆಗೆದು ಎಡಗಡೆ ಇಟ್ಟೆ. ಬಡಿತ ಸಿಕ್ಕಿತು. ಅಷ್ಟರಲ್ಲಿ ಸರೋಜಾ ಆ ಬದಿಯಿಂದ ಬಗ್ಗಿ, ಸೀರೆಯ ಮೇಲೇ ಹೊಟ್ಟೆಗೆ ಕಿವಿಯಿಟ್ಟಿದ್ದಳು. ಹಾಗೆ ಕಿವಿಯಿಡಬೇಡ, ಅದೇನು ಆಟವೇ ಎಂದು ಅವಳಿಗೆ ನಾನು ಎಷ್ಟೋ ಸಲ ಬೈದಿದ್ದುಂಟು.

"ಅಕ್ಕಾ, ಇಲ್ಲೂ ಕೇಳ್ತದಲ," ಎಂದಳು.

ಬಲಗಡೆ, ಮೇಲೆ. ಅಲ್ಲಿ ಕೇಳಬಾರದು. ಒಂದೇ ಬಡಿತ ಎರಡು ಕಡೆ ಕೇಳುವುದುಂಟು, ಆದರೆ ಇಷ್ಟು ದೂರ ಕೇಳುವುದಿಲ್ಲ. ತರಬೇತಿಯ ಕಾಲದಲ್ಲಿ ಹಿರಿಯ ಸಿಸ್ಟರ್ ಒಬ್ಬರು ಕಲಿಸಿದ್ದು ನೆನಪಾಯಿತು. ಎರಡು ಕೂಸು ಅನ್ನಿಸಿದರೆ ಒಬ್ಬಳ ಕಿವಿಯನ್ನು ನಂಬಬೇಡ, ಇಬ್ಬರು ಒಂದೇ ಹೊತ್ತಿಗೆ ಕೇಳಿ, ಕೇಳಿದ್ದನ್ನು ಬೆರಳಿನಿಂದ ತಟ್ಟುತ್ತ ಹೋಗಿ, ತಟ್ಟುವುದು ಎರಡೂ ಕೂಡಿದರೆ ಒಂದೇ ಕೂಸು, ಕೂಡದಿದ್ದರೆ ಎರಡು ಎಂದಿದ್ದರು ಅವರು. ಪುಸ್ತಕದಲ್ಲಿ ಓದಿ ಪಾಸಾಗಿದ್ದೆನೇ ಹೊರತು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಸ್ಕ್ಯಾನಿಂಗ್ ಇದ್ದ ಮೇಲೆ ಯಾರಿಗೆ ಬೇಕಿತ್ತು ಅದು?

ಮಾಡೋಣವೆನ್ನುವಷ್ಟರಲ್ಲಿ ಮಳೆ ಜೋರಾಯಿತು. ಹೆಂಚಿನ ಮೇಲೆ ಮಘಾ ಮಳೆ ಸುರಿಯುವಾಗ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಹೊಟ್ಟೆಯೊಳಗಿನ ಬಡಿತವನ್ನು ನೆಟ್ಟಗೆ ಹಿಡಿದು ತಟ್ಟುವುದು ಎಲ್ಲಿಂದ ಬಂತು? ಹೊಳವಾಗಲಿ ಎಂದು ಕಾದೆವು. ಮಳೆ ಒಂದು ಗಳಿಗೆ ಬಿಡುವು ಕೊಡುವುದಕ್ಕೆ ಇಲ್ಲಿಯವರು ಹೊಳವು ಎನ್ನುತ್ತಾರೆ. ನಾನು ಗಡಿಯಾರ ನೋಡುತ್ತಿದ್ದೆ, ರೇಣುಕಾಳ ನೋವು ಹನ್ನೆರಡು ನಿಮಿಷಕ್ಕೊಮ್ಮೆ ಬರುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. "ಎಂತ ನರ್ಸಕ್ಕ?" ಎಂದು ಒಮ್ಮೆ ಕೇಳಿದಳು. "ಏನಿಲ್ಲವ್ವ, ಮಳಿ ಬಿಡ್ಲಿ," ಎಂದೆ. ಜನ್ಮದಲ್ಲಿ ಅಷ್ಟು ಮೆತ್ತಗೆ ನಾನು ಯಾರಿಗೂ ಉತ್ತರ ಕೊಟ್ಟವಳಲ್ಲ.

ಕೊನೆಗೂ ಹೊಳವಾಯಿತು. ಹೆಂಚಿನಿಂದ ಹನಿ ಬೀಳುವುದಷ್ಟೇ ಉಳಿಯಿತು. ನಾನು ಎಡಕ್ಕೆ ಕೊಳವೆಯಿಟ್ಟೆ, ಸರೋಜಾ ಬಲಕ್ಕೆ ಕಿವಿಯಿಟ್ಟಳು. ನಾನು ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಬೆರಳಿನಿಂದ ತಟ್ಟತೊಡಗಿದೆ, ಅವಳು ಒಂದು ಸ್ಟೀಲು ತಟ್ಟೆಯ ಮೇಲೆ. ನನ್ನ ಮುಖ ಅತ್ತ, ಅವಳ ಮುಖ ಇತ್ತ. ಇಬ್ಬರೂ ನಮ್ಮ ನಮ್ಮ ಬಡಿತದಲ್ಲಿ ಮುಳುಗಿದ್ದೆವು, ಕೂಡುತ್ತಿದೆಯೇ ಇಲ್ಲವೇ ಎಂದು ನಮಗೇ ತಿಳಿಯುತ್ತಿರಲಿಲ್ಲ. ಅದನ್ನು ಕೇಳಿದವರು ಕಾಲ ಬದಿಗೆ ನಿಂತಿದ್ದ ಕನ್ನಮ್ಮ.

"ಕೂಡ್ತಾ ಇಲ್ಯಲ," ಎಂದರು.

ನಾನು ತಲೆ ಎತ್ತಲಿಲ್ಲ, ತಟ್ಟುವುದನ್ನೂ ನಿಲ್ಲಿಸಲಿಲ್ಲ.

"ಒಂದು ಓಡ್ತದೆ, ಇನ್ನೊಂದು ಹಿಂದೆ ಬೀಳ್ತದೆ. ಈಗ ಕೂಡ್ತು. ಹಾ, ಮತ್ತೆ ಬಿಡ್ತು." ಅವರ ದನಿಯಲ್ಲಿ ಗಾಬರಿ ಇರಲಿಲ್ಲ. "ಇಬ್ರು ನಿಂತು ಅವಲಕ್ಕಿ ಕುಟ್ಟೂವಾಗ ಹೊಸಬ್ರ ಕೈ ಹಿಂಗೇ ತಪ್ಪೂದು. ಒರಳು ಒಂದೇ ನರ್ಸಕ್ಕ, ಒನಕೆ ಎರಡದೆ."

ನನಗೆ ಮೈಯೆಲ್ಲ ಜುಮ್ಮೆಂದಿತು. ಈಗ ಬರೆಯುವಾಗಲೂ ಎನ್ನುತ್ತದೆ. ಕಡ್ಡಿಯಂಥ ಆ ಹುಡುಗಿಯ ಹೊಟ್ಟೆಯೊಳಗೆ ಎರಡು ಜೀವ, ಒಂದು ನನ್ನ ಬೆರಳ ತುದಿಯಲ್ಲಿ, ಒಂದು ಸರೋಜಾಳ ಬೆರಳ ತುದಿಯಲ್ಲಿ, ಎರಡೂ ತಮ್ಮ ತಮ್ಮ ಪಾಡಿಗೆ ಬಡಿದುಕೊಳ್ಳುತ್ತ ಇದ್ದವು. ಅವುಗಳನ್ನು ಬೇರೆಬೇರೆ ಮಾಡಿ ಕೇಳಿದ್ದು ಓದು ಬರಹ ಬಾರದ, ಒನಕೆ ಹಿಡಿದು ಪಳಗಿದ ಒಂದು ಕಿವಿ. ಇಂಥದ್ದನ್ನು ಕಂಡೂ ಕೈ ಮುಗಿಯದಿದ್ದರೆ ಮನುಷ್ಯಳೇ ಅಲ್ಲ ನಾನು.

ಆದರೆ ಕೈ ಮುಗಿಯಲು ಹೊತ್ತೆಲ್ಲಿತ್ತು? ಮರುಗಳಿಗೆಯಲ್ಲೇ ಇನ್ನೊಂದು ಮಾತು ಹೊಳೆಯಿತು. ಹೊಟ್ಟೆ ದೊಡ್ಡದಿದ್ದದ್ದು ತಿಂಗಳು ಹೆಚ್ಚಾಗಿದ್ದಕ್ಕಲ್ಲ, ಕೂಸು ಎರಡಿದ್ದದ್ದಕ್ಕೆ. ಹಾಗಾದರೆ ನಾನು ಗೀಟು ಹೊಡೆದ ದಿನ?

"ಅವ್ವಾ," ಎಂದೆ, "ಹುಣ್ಣಿಮಿಗೆ ಅಂತ ಹ್ಯಾಂಗ ಹೇಳಿದ್ರಿ ನೀವು?"

"ಸಂಕ್ರಾಂತಿ ದಿನ ಅವಳು ಹೊರಗೆ ಕೂತಿದ್ಲಲ. ಹಬ್ಬದ ಕೆಲ್ಸ ಎಲ್ಲ ನನ್ನೊಬ್ಬಳ ತಲೆ ಮೇಲೆ ಬಿತ್ತು, ಮರೀತದಾ ಅದು? ಆಮೇಲೆ ಕೂರ್ಲೇ ಇಲ್ಲ. ಅಲ್ಲಿಂದ ಎಣ್ಸಿದ್ದು."

ಮುಟ್ಟಾದ ದಿನದಿಂದಲೇ ಎಣಿಸಿದ್ದರು. ಡಾಕ್ಟರು ಎಣಿಸುವ ಹಾಗೆಯೇ, ಒಂದು ದಿನವೂ ತಪ್ಪದ ಹಾಗೆ ಎಣಿಸಿದ್ದರು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಮೂವತ್ತಾರಲ್ಲ, ಮೂವತ್ತೊಂದು. ಎರಡು ಕೂಸು, ಮೂವತ್ತೊಂದು ವಾರ, ಹನ್ನೆರಡು ನಿಮಿಷಕ್ಕೊಮ್ಮೆ ನೋವು. ಇಲ್ಲೇ ಹುಟ್ಟಿದರೆ ಅವಕ್ಕೆ ಉಸಿರು ಎಳೆದುಕೊಳ್ಳಲು ಬರುವುದಿಲ್ಲ. ನಾನು ಅವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ನೋಡುತ್ತ ನಿಲ್ಲಬೇಕಾಗುತ್ತದೆ, ಅಷ್ಟೇ.

ಫೋನಿಗೆ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಕೊಡೆಯನ್ನೂ ಹಿಡಿಯದೆ ಓಡಿದೆ. ಮೊದಲು ಆಂಬುಲೆನ್ಸಿಗೆ ಹೇಳಿದೆ, ಆಮೇಲೆ ಡಾಕ್ಟರಮ್ಮನಿಗೆ ಹಚ್ಚಿದೆ. ನಮ್ಮ ಪುಣ್ಯಕ್ಕೆ ಆ ದಿನ ಅವರ ಪಾಳಿ ಸಿರ್ಸಿಯಲ್ಲಿತ್ತು.

"ಎಷ್ಟು ವಾರ?" ಎಂದರು, ಬೇರೆ ಮಾತೇ ಇಲ್ಲ.

"ಕಾರ್ಡಿನಾಗ ಮೂವತ್ತಾರು ಐತ್ರಿ ಮೇಡಂ. ಅದು ತಪ್ಪು. ನಾನೇ ತಪ್ಪು ಬರ್ದೇನ್ರಿ. ಖರೇ ಲೆಕ್ಕ ಮೂವತ್ತೊಂದು. ಅವಳಿ."

"ಸ್ಕ್ಯಾನ್?"

"ಎರಡು ಸಲ ಬಂದಿದ್ಲು ಮೇಡಂ. ಆಗಿಲ್ಲ."

ಅವರ ಮುಂದಿನ ಮಾತಿನಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ ಎಂದು ಈಗ ಅನ್ನಿಸುತ್ತದೆ, ದಣಿವಿತ್ತು. "ಮೂವತ್ತೊಂದು ಅಂತ ಖಾತ್ರೀನಾ? ನಾನು ಅದರ ಮೇಲೇ ಎಲ್ಲ ಮಾಡ್ಬೇಕು."

"ಖಾತ್ರಿ ಮೇಡಂ. ಸಂಕ್ರಾಂತಿ ದಿವಸ ಆಕಿ ಹೊರಗ ಕುಂತಿದ್ಲು. ಅವರತ್ತಿ ಹೇಳ್ತಾರ."

ಡಾಕ್ಟರಮ್ಮ ನಗಲಿಲ್ಲ. ಕೂಸಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಕೊಡುವ ಇಂಜೆಕ್ಷನ್ ಇದೆಯೇ ಎಂದು ಕೇಳಿದರು. ಇತ್ತು. "ಈಗಲೇ ಮೊದಲನೇದು ಕೊಡು, ಎಡಮಗ್ಗುಲಿಗೆ ಮಲಗಿಸ್ಕೊಂಡು ಬಾ, ನಾನು ಇಲ್ಲಿಂದ ಹಂದಾಡೋದಿಲ್ಲ," ಎಂದರು. ಮೂವತ್ತಾರು ವಾರ ಎಂದೇ ನಂಬಿ ಕೂತಿದ್ದರೆ ಆ ಇಂಜೆಕ್ಷನ್ ಯಾರೂ ಕೊಡುತ್ತಿರಲಿಲ್ಲ, ಸಿರ್ಸಿಗೆ ಯಾರೂ ಒಯ್ಯುತ್ತಿರಲಿಲ್ಲ.

ಆಂಬುಲೆನ್ಸಿನಲ್ಲಿ ಸಿರ್ಸಿಯ ದಾರಿಯುದ್ದಕ್ಕೂ ನನಗೆ ಒಂದೇ ಕೆಲಸ. ಒಂದು ಕೈ ರೇಣುಕಾಳ ಹೊಟ್ಟೆಯ ಮೇಲಿಟ್ಟು, ಗಟ್ಟಿಯಾದಾಗ ಗಡಿಯಾರ ನೋಡುವುದು, ಸಡಿಲಾದಾಗ ಉಸಿರು ಬಿಡುವುದು. ಹತ್ತು ನಿಮಿಷ, ಎಂಟು ನಿಮಿಷ, ಮತ್ತೆ ಹತ್ತು. ಕನ್ನಮ್ಮ ಸೊಸೆಯ ಪಾದಗಳನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಿದ್ದರು. ಪ್ರತಿ ತಿರುವಿನಲ್ಲೂ ನನಗೆ ಆ ಗೀಟು ಕಣ್ಣೆದುರು ಬರುತ್ತಿತ್ತು.

ಡಾಕ್ಟರಮ್ಮನನ್ನು ಹತ್ತಿರದಿಂದ ನೋಡಿದ್ದು ಅವತ್ತೇ ಮೊದಲು. ಎತ್ತರ ನನ್ನ ಹೆಗಲಿನಷ್ಟು. ಒದ್ದೆ ಚಪ್ಪಲಿ, ಕೈಯಲ್ಲಿ ಅರ್ಧ ತಿಂದ ಚಪಾತಿ, ಅದನ್ನು ಮುಚ್ಚಿಟ್ಟು ಕೈ ತೊಳೆದು ಬಂದರು. ಮೂರು ತಾಲೂಕಿನ ಹೆಂಗಸರು ದಾರಿ ಕಾಯುವುದು ಇಷ್ಟೇ ಇಷ್ಟು ಜೀವಕ್ಕೇ ಎಂದು ಆಶ್ಚರ್ಯವಾಯಿತು. ಆಮೇಲೆ ಅವರ ಕೈ ನೋಡಿದೆ. ರೇಣುಕಾಳ ಹೊಟ್ಟೆಯ ಮೇಲೆ ಆ ಎರಡು ಕೈ ಹರಿದಾಡಿದ್ದು ಅರ್ಧ ನಿಮಿಷ. "ಒಬ್ಬರು ಕೆಳಗೆ, ತಲೆ ಹೀಗಿದೆ. ಇನ್ನೊಬ್ಬರು ಇಲ್ಲಿ ಅಡ್ಡ ಮಲಗಿದ್ದಾರೆ," ಎಂದರು. ಆಮೇಲೆ ಮಶೀನು ಹಚ್ಚಿದರೆ ತೆರೆಯ ಮೇಲೆ ಹಾಗೆಯೇ ಇದ್ದವು, ಒಂದು ಕೆಳಗೆ, ಒಂದು ಅಡ್ಡ. ನಾನೂ ಕೈಯಿಂದಲೇ ಬದುಕಿದವಳು, ಕೈಗೆ ಅಷ್ಟು ಕಾಣುತ್ತದೆ ಎಂದು ಗೊತ್ತಿರಲಿಲ್ಲ.

"ಎರಡು ಅಂತ ಯಾರು ಹಿಡಿದಿದ್ದು?" ಎಂದು ಕೇಳಿದರು. ನಾನು ತಟ್ಟೆಯ ಕತೆ ಹೇಳಿದೆ. ಅವರು ಕನ್ನಮ್ಮನ ಕಡೆ ತಿರುಗಿ, ಎರಡೂ ಕೈ ಜೋಡಿಸಿದರು. ಕನ್ನಮ್ಮನಿಗೆ ನಾಚಿಕೆಯಾಗಿ, "ಅಯ್ಯ, ನಂಗೆಂತಕ್ಕೆ ಅದೆಲ್ಲ?" ಎಂದು ಗೋಡೆಯ ಕಡೆ ಸರಿದರು. ನನ್ನ ತಪ್ಪಿನ ಬಗ್ಗೆ ಡಾಕ್ಟರಮ್ಮ ಎಲ್ಲರೆದುರು ಒಂದು ಮಾತು ಆಡಲಿಲ್ಲ. ನಾನು ಹೊರಡುವಾಗ ಮಾತ್ರ ಕಾರ್ಡು ಕೈಗಿಟ್ಟು, "ಇದನ್ನ ಹೊಸದು ಮಾಡ್ಬೇಡ. ಎರಡೂ ದಿನ ಇದರಲ್ಲೇ ಇರ್ಲಿ," ಎಂದರು.

ನೋವು ನಿಂತಿತು. ಅದನ್ನು ನಿಲ್ಲಿಸಲು ಅವರು ಆ ಸಂಜೆಯೆಲ್ಲ ಏನೇನು ಮಾಡಿದರೋ, ನಾನು ಬಾಗಿಲ ಹೊರಗೆ ನಿಂತವಳು. ರೇಣುಕಾ ನಾಲ್ಕು ವಾರಕ್ಕೂ ಹೆಚ್ಚು ಕಾಲ ಆ ವಾರ್ಡಿನ ಮೂಲೆಯ ಮಂಚದಲ್ಲಿ ಎಡಮಗ್ಗುಲಿಗೆ ಮಲಗಿಯೇ ಇದ್ದಳು. ಡಾಕ್ಟರಮ್ಮ ಯಲ್ಲಾಪುರಕ್ಕೆ ಹೋಗಿ ಬಂದು, ಸಿದ್ದಾಪುರಕ್ಕೆ ಹೋಗಿ ಬಂದು, ಎಷ್ಟೇ ಹೊತ್ತಾದರೂ ಆ ಮಂಚದ ಹತ್ತಿರ ಒಮ್ಮೆ ನಿಂತು ಹೋಗುತ್ತಿದ್ದರಂತೆ. ಕನ್ನಮ್ಮ ಸೊಸೆಯ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು, ನಡುನಡುವೆ ಊರಿಗೆ ಬಂದು ಗದ್ದೆಯ ಕಳೆ ನೋಡಿ ಮತ್ತೆ ಬಸ್ಸು ಹತ್ತುತ್ತಿದ್ದರು. ನಾನು ರಜೆ ಸಿಕ್ಕಾಗ ಹೋಗಿ ಕೂತು ಬರುತ್ತಿದ್ದೆ. ಒಂದೊಂದು ದಿನ ಕಳೆದಾಗಲೂ ಎರಡು ಎಳೆ ಎದೆಗಳಿಗೆ ಒಂದೊಂದು ದಿನದ ಬಲ ಬಂತು ಎಂದು ಲೆಕ್ಕ ಹಾಕುತ್ತಿದ್ದೆ.

ಹುಟ್ಟಿದ್ದು ಸೆಪ್ಟೆಂಬರ್ ಹದಿನೇಳರ ಬೆಳಿಗ್ಗೆ, ಎರಡೂ ಹೆಣ್ಣು, ಒಂದೊಂದು ಎರಡು ಕಿಲೋಗೂ ಕಡಿಮೆ. ನಾನು ಹೋದಾಗ ಕಂಡ ನೋಟವನ್ನು ಹೇಗೆ ಹೇಳಲಿ? ಕೂಸುಗಳಿಗೆ ಮೈಬಿಸಿ ಬೇಕು, ಚರ್ಮಕ್ಕೆ ಚರ್ಮ ತಾಗಬೇಕು. ಎರಡು ಕೂಸು, ಒಬ್ಬಳು ತಾಯಿ. ಹಾಗಾಗಿ ರೇಣುಕಾ ಒಂದನ್ನು ಎದೆಗೆ ಕಟ್ಟಿಕೊಂಡು ಮಂಚದ ಮೇಲೆ ಒರಗಿದ್ದಳು, ಕನ್ನಮ್ಮ ರವಿಕೆ ಬಿಚ್ಚಿ, ಇನ್ನೊಂದನ್ನು ತಮ್ಮ ಎದೆಗೆ ಕಟ್ಟಿಕೊಂಡು, ಮೇಲೆ ಸೀರೆ ಸುತ್ತಿ ಅವಳ ಪಕ್ಕ ಕೂತಿದ್ದರು. ಅತ್ತೆ ಸೊಸೆ ಇಬ್ಬರ ಸೆರಗಿನೊಳಗಿಂದ ಒಂದೊಂದು ಅಂಗೈಯಗಲದ ತಲೆ ಕಾಣುತ್ತಿತ್ತು. ನಾನು ಬಾಗಿಲಲ್ಲೇ ನಿಂತು ಚಪ್ಪಲಿ ಬಿಟ್ಟೆ, ಯಾಕೆ ಬಿಟ್ಟೆನೋ ನನಗೇ ತಿಳಿಯದು.

ಆದರೆ ತಾರೀಕು ನೋಡಿ. ನಾನು ತಪ್ಪಾಗಿ ಬರೆದದ್ದು ಸೆಪ್ಟೆಂಬರ್ ಹದಿನೆಂಟು, ಅವು ಹುಟ್ಟಿದ್ದು ಹದಿನೇಳಕ್ಕೆ. ಅವಳಿ ಕೂಸುಗಳು ಒಂದು ತಿಂಗಳು ಮೊದಲೇ ಬರುವುದು ಸಾಮಾನ್ಯ. ಅಷ್ಟೇ ಅದರ ಗುಟ್ಟು. ಊರಿಗೆ ಬಂದರೆ ಬೇರೆಯೇ ಸುದ್ದಿ ಹಬ್ಬಿತ್ತು. "ನರ್ಸಕ್ಕ ಬರ್ದ ದಿನಕ್ಕೇ ಹುಟ್ಟಿದ್ವಂತೆ, ಒಂದೇ ದಿನ ಆಚೀಚೆ!" ಹೊಳೆಯಾಚೆಯ ಕೇರಿಯಿಂದಲೂ ಬಸುರಿಯರು ನನ್ನ ಹತ್ತಿರ ದಿನ ಬರೆಸಿಕೊಳ್ಳಲು ಬರತೊಡಗಿದರು. ಅಲ್ಲ, ಅದು ನನ್ನ ತಪ್ಪು, ಕನ್ನಮ್ಮನ ಲೆಕ್ಕವೇ ಸರಿ ಎಂದು ಹೇಳಲು ಬಾಯಿ ತೆರೆದಾಗಲೆಲ್ಲ, ಅವರ ಮುಖದ ಮೇಲಿನ ಭರವಸೆ ನೋಡಿ ಬಾಯಿ ಮುಚ್ಚುತ್ತಿತ್ತು. ಭರವಸೆಗಿಂತ ಹೆಚ್ಚಾಗಿ ನನ್ನ ಮರ್ಯಾದೆಯೇ ನನಗೆ ದೊಡ್ಡದಾಯಿತು ಎನ್ನುವುದು ಖರೆ. ಜೋರು ಬಾಯಿಯವಳು ಆ ಒಂದು ವಿಷಯದಲ್ಲಿ ಮೂಕಿಯಾದೆ.

ಆ ವರ್ಷದ ಭೂಮಿ ಹುಣ್ಣಿಮೆಗೆ ಕೂಸುಗಳು ಮನೆಗೆ ಬಂದವು. "ಹುಣ್ಮೆಗೆ ಅಂದಿದ್ನಲ, ಬಂದ್ವು ನೋಡು," ಎಂದರು ಕನ್ನಮ್ಮ ನಗುತ್ತ. ನಾನು ಕಡುಬು ಬಾಯಿಗಿಟ್ಟುಕೊಂಡು ತಲೆ ತಗ್ಗಿಸಿದೆ.

ಆಮೇಲೆ ನನಗೆ ಯಲ್ಲಾಪುರದ ಕಡೆಗೆ ವರ್ಗವಾಯಿತು. ಅಲ್ಲಿಯ ಹೆದ್ದಾರಿಯ ಲಾರಿಗಳ ಸಾಲಿನ ನಡುವೆ ಡಾಕ್ಟರ ಜೀಪು ಸಿಕ್ಕಿಕೊಂಡ ದಿನ ನಮ್ಮ ಬೆಂಚಿನ ಹೆಂಗಸರು ಈಗಲೂ ಸಂಜೆಯ ಬಸ್ಸಿಗೆ ವಾಪಸ್ಸಾಗುತ್ತಾರೆ. ಆ ಡಾಕ್ಟರಮ್ಮ ಈಗ ಇಲ್ಲಿಲ್ಲ, ಬೇರೆ ಜಿಲ್ಲೆಗೆ ಹೋದರು. ಅವರ ಜಾಗಕ್ಕೆ ಬಂದವರು ಒಂದು ಮಳೆಗಾಲ ಕಂಡು ಹೋಗುತ್ತಾರೆ. ನನ್ನ ಮಟ್ಟಿಗೆ ಬದಲಾದದ್ದು ಒಂದೇ. ಹೊಸ ಬಸುರಿ ಬಂದರೆ ಟೇಪು ಮುಟ್ಟುವ ಮೊದಲು ಕೇಳುತ್ತೇನೆ, ಯಾವಾಗ ಅಂತೀರಿ, ಹೇಗೆ ಗೊತ್ತು ಎಂದು. ಅವರು ಹೇಳಿದ್ದನ್ನು ಮೊದಲು ಬರೆದು, ನನ್ನದನ್ನು ಕೆಳಗೆ ಬರೆಯುತ್ತೇನೆ. ಗೀಟು ಹೊಡೆಯುವುದಿಲ್ಲ.

ಈ ಸಲ ಗದ್ದೆಯಲ್ಲಿ ಊಟಕ್ಕೆ ಎಲೆ ಹಾಕುವಾಗ ಆ ಇಬ್ಬರು ಹುಡುಗಿಯರು ಹಾಲುಹಲ್ಲು ಬಿದ್ದ ಬಾಯಲ್ಲಿ ನಗುತ್ತ ಏರಿಯ ಮೇಲೆ ಓಡುತ್ತಿದ್ದರು. ಒಬ್ಬಳು ಮುಂದೆ ಹೋಗುವುದು, ಇನ್ನೊಬ್ಬಳು ಹಿಂದೆ ಬೀಳುವುದು, ಮತ್ತೆ ಕೂಡುವುದು. ನಾನು ನೋಡುತ್ತ ಕೂತೆ. ಶಾಲೆಗೆ ಸೇರಿಸುವಾಗ ತೆಗೆದದ್ದು ಎಂದು ರೇಣುಕಾ ಹಳೆಯ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನಗೆ ತೋರಿಸಲೆಂದೇ ತಂದಿದ್ದಳು. ಅದನ್ನು ಹಿಡಿದುಕೊಂಡು ಕನ್ನಮ್ಮನ ಪಕ್ಕ ಹೋಗಿ ಕೂತೆ.

"ಅವ್ವಾ, ಒಂದು ಮಾತು ಹೇಳಬೇಕಿತ್ತು. ನೀವು ಹೇಳಿದ ದಿನಾನೇ ಖರೇ ಇತ್ತು. ನಾನು ಕೇಳದೇ ಅದರ ಮ್ಯಾಲೆ ಗೀಟು ಹೊಡ್ದೆ. ನನ್ನಿಂದ ಆ ಕೂಸು ಎರಡೂ..."

ಕನ್ನಮ್ಮ ಎಲೆಗೆ ಕಡುಬು ಹಾಕುವುದನ್ನು ನಿಲ್ಲಿಸಲಿಲ್ಲ. "ಗೊತ್ತು ನರ್ಸಕ್ಕ. ಅಕ್ಷರ ಬರೂದಿಲ್ಲ ನಂಗೆ, ಗೀಟು ಹೊಡೆದದ್ದು ಕಾಣ್ತದಲ. ಅವತ್ತು ನೀವು ಸಂಕ್ರಾಂತಿ ಕೇಳಿ ಮಳೇಲಿ ಓಡಿದ್ರಲ, ಆವಾಗ್ಲೇ ತಿಳೀತು."

"ಮತ್ತ... ಊರಾಗ ಎಲ್ಲಾರೂ ನಾ ಬರ್ದ ದಿನಕ್ಕ ಹುಟ್ಟಿದ್ವು ಅಂತಿದ್ರಲ್ಲ?"

"ನಾನೇ ಹೇಳಿದ್ದು."

ನಾನು ಅವರ ಮುಖ ನೋಡಿದೆ.

"ನಿಮ್ಮ ಲೆಕ್ಕ ತಪ್ಪು ಅಂತ ನಾನು ಒಂದು ಮನೇಲಿ ಅಂದ್ರೆ ಸಾಕಿತ್ತು, ಮಾರನೇ ದಿನ ಯಾರೂ ನಿಮ್ಮ ಹತ್ರ ಹೊಟ್ಟೆ ತೋರ್ಸೂಕೆ ಬರ್ತಿರ್ಲಿಲ್ಲ. ನೀವಾದ್ರೂ ಬೇಜಾರು ಮಾಡ್ಕಂಡು ಹೋಗಿದ್ರೆ? ಡಾಕ್ಟ್ರು ಇರೂದು ವಾರಕ್ಕೊಂದಿನ, ಅದೂ ಬಂದ್ರೆ ಬಂದ್ರು. ಈ ಊರಿನ ಬಸುರೀರಿಗೆ ನಿಮ್ಮ ಬಿಟ್ರೆ ಯಾರಿದ್ರು ಹೇಳಿ?" ಎಂದು ತುಪ್ಪದ ಗಿಂಡಿ ಎತ್ತಿಕೊಂಡರು.

ನನ್ನ ಎಲೆಗೆ ತುಪ್ಪ ಬಡಿಸಿ ಅವರು ನನ್ನ ಕೈಯಲ್ಲಿದ್ದ ಕಾರ್ಡಿನ ಕಡೆ ಬಗ್ಗಿದರು. "ಇದ್ರಲ್ಲಿ ನಾನು ಹೇಳಿದ್ದು ಯಾವ್ದು?"

ನಾನು ಕಾರ್ಡನ್ನು ಹೊರಗೆ ತೆಗೆದು ತೋರಿಸಿದೆ. ಅವರು ಬೆರಳಿನ ತುಪ್ಪವನ್ನು ಸೆರಗಿಗೆ ಒರೆಸಿಕೊಂಡು, ನನ್ನ ಗೀಟಿನ ಕೆಳಗಿದ್ದ ಆ ದಿನದ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಾರ್ಡನ್ನು ಕವರಿಗೆ ಹಾಕಿ ರೇಣುಕಾಳಿಗೆ ಕೊಟ್ಟು, "ಉಣ್ಣಿ ನರ್ಸಕ್ಕ, ಕಡುಬು ಆರ್ತದೆ," ಎಂದರು.